ಶಕೀಲ್ ಅಹಮದ್ ಮತ್ತು ಅವರ ತಂದೆ

(ನಮ್ಮ ಸಂಘದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಆಡಿದ ಮಾತು)



ನಾನು ಭಾಷಣ ಮಾಡೋನಲ್ಲ, ಎಲೆಕ್ಟ್ರಿಷಿಯನ್. ಮೈಸೂರಿನ ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಓದಿ, ಸರ್ಟಿಫಿಕೇಟ್ ಹಿಡಿದುಕೊಂಡು ಈ ಕಡೆ ಬಂದವನು. ಈ ಹಾಲಿನಲ್ಲಿ ಹೋದ ವರ್ಷ ಮೈಕ್ ಸೆಟ್ಟಿಗೆ ವೈರ್ ಎಳೆದಿದ್ದು ನಾನೇ, ಈ ವರ್ಷ ಅದೇ ಮೈಕಿನ ಮುಂದೆ ನಿಲ್ಲಿಸಿದ್ದಾರೆ. ಕಾರ್ಯದರ್ಶಿಗಳು ಫೋನ್ ಮಾಡಿ, "ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ ಈಗತಾನೇ ಹೋಯ್ತು. ನೀನು ಹನೂರು ಕಡೆಯವನು, ವೀರಪ್ಪನ್ ಕಾಲದ್ದೆಲ್ಲ ಗೊತ್ತಿರುತ್ತೆ. ಕರ್ತವ್ಯದ ಮೇಲೆ ಸತ್ತ ಒಬ್ಬ ಪೊಲೀಸ್ ಅಧಿಕಾರಿ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದರು. ಒಪ್ಪಿಕೊಂಡೆ. ಆಮೇಲೆ ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಅಕ್ಟೋಬರ್ 21 ಯಾಕೆ ಅಂತ ಹುಡುಗರು ಕೇಳಿದರು. 1959ರಲ್ಲಿ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಅನ್ನೋ ಜಾಗದಲ್ಲಿ ಚೀನಾ ಸೈನಿಕರ ಗುಂಡಿಗೆ ನಮ್ಮ ಹತ್ತು ಜನ ಪೊಲೀಸರು ಸತ್ತರು. ಆಗ ಆ ಗಡಿ ಕಾಯುತ್ತಿದ್ದದ್ದು ಪೊಲೀಸರು. ಅವರ ನೆನಪಿಗೆ ದೇಶದಲ್ಲೆಲ್ಲ ಆ ದಿನ ಪರೇಡ್ ಮಾಡಿ, ಆ ವರ್ಷ ಸತ್ತ ಪೊಲೀಸರ ಹೆಸರುಗಳನ್ನು ಓದುತ್ತಾರೆ. ಅಷ್ಟು ಸಾಕು, ನಾನು ನಮ್ಮ ಕಡೆಗೆ ಬರ್ತೀನಿ.

ನಮ್ಮೂರು ಹನೂರಿನಿಂದ ಆಚೆ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೀರಲ್ಲ, ಹನೂರು ದಾಟಿ ಕೌದಳ್ಳಿ ಸಿಗುತ್ತೆ. ಬೆಟ್ಟದ ದಾರಿ ಬಿಟ್ಟು ಇನ್ನೊಂದು ಕಡೆ ಹೋದರೆ ರಾಮಾಪುರ, ಅಲ್ಲಿಂದ ಮೀಣ್ಯಂ, ಆಮೇಲೆ ಗರಿಕೆಕಂಡಿ, ಅದು ದಾಟಿದರೆ ತಮಿಳುನಾಡು. ಈಗ ಚಾಮರಾಜನಗರ ಜಿಲ್ಲೆ, ನಾನು ಹುಟ್ಟಿದಾಗ ಎಲ್ಲಾ ಮೈಸೂರು ಜಿಲ್ಲೆ. ನಮ್ಮ ಮಾತಿಗೆ ಬೆಂಗಳೂರಿನವರು ನಗ್ತಾರೆ. ನಮ್ಮಲ್ಲಿ 'ಹ'ಕಾರ ಇಲ್ಲ, 'ಹೋಗು' ಅನ್ನೋಕೆ 'ಓಗು' ಅಂತೀವಿ. ನಮ್ಮ ಕಡೆಯ ಹೆಸರು ಹೊರಗಿನವರಿಗೆ ಗೊತ್ತಿರೋದು ಎರಡೇ ಕಾರಣಕ್ಕೆ. ಒಂದು ಅಣ್ಣಾವ್ರು, ಇನ್ನೊಂದು ವೀರಪ್ಪನ್. ಇವತ್ತಿನ ನನ್ನ ಮಾತಿನಲ್ಲಿ ಇಬ್ಬರೂ ಬರ್ತಾರೆ, ಆದರೆ ಮಾತು ಅವರ ಬಗ್ಗೆ ಅಲ್ಲ.

ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್. ಈ ಹೆಸರು ಕೇಳಿರೋರು ಕೈ ಎತ್ತಿ ನೋಡೋಣ. ಮೂರು, ನಾಲ್ಕು. ಪರವಾಗಿಲ್ಲ.

1991ರ ನವೆಂಬರ್ 10ಕ್ಕೆ ಅರಣ್ಯ ಅಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಶರಣಾಗ್ತೀನಿ ಅಂತ ನಂಬಿಸಿ ಕರೆಸಿಕೊಂಡು ಕೊಂದ. ಬಂದೂಕಿಲ್ಲದೆ ಹೋದ ಮನುಷ್ಯ ಅವರು. ಅವರಿಗೆ ಕೀರ್ತಿ ಚಕ್ರ ಬಂತು. ಗೋಪಿನಾಥಂನಲ್ಲಿ ಅವರು ಕಟ್ಟಿಸಿದ ಮಾರಿಯಮ್ಮನ ಗುಡಿ ಈಗಲೂ ಇದೆ, ಜನ ಅವರನ್ನು ನೆನೆಸಿಕೊಳ್ತಾರೆ. ಮುಂದಿನ ವರ್ಷ, 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ರಾತ್ರಿ ನುಗ್ಗಿ ಪೊಲೀಸರನ್ನು ಕೊಂದು ಬಂದೂಕು ಹೊತ್ತುಕೊಂಡು ಹೋದರು. ವೀರಪ್ಪನ್ ಕಡೆಯ ಗುರುನಾಥನ್ ಅನ್ನೋನು ಅದಕ್ಕೆ ಮುಂಚೆ ಪೊಲೀಸರ ಕೈಗೆ ಸಿಕ್ಕಿ ಸತ್ತಿದ್ದ. ಅದಕ್ಕೆ ಸೇಡು ಇದು ಅಂತ ನಮ್ಮ ಕಡೆ ಎಲ್ಲರ ಬಾಯಲ್ಲೂ ಇತ್ತು. ಗುರುನಾಥನ್ ವಿಷಯದಲ್ಲಿ ಅವನ ಕಣ್ಣು ಬಿದ್ದಿದ್ದದ್ದು ಶಕೀಲ್ ಅಹಮದ್ ಅವರ ಮೇಲೆ.

1992ರ ಆಗಸ್ಟ್ 14. ಮಾರನೇ ದಿನ ಸ್ವಾತಂತ್ರ್ಯ ದಿನ. ಒಬ್ಬ ಮಾಹಿತಿದಾರ ಕೊಟ್ಟ ಸುಳಿವು ನಂಬಿ ಎಸ್ಪಿ ಟಿ. ಹರಿಕೃಷ್ಣ ಮತ್ತು ಶಕೀಲ್ ಅಹಮದ್ ತಮ್ಮ ಜೊತೆಯವರನ್ನು ಕರೆದುಕೊಂಡು ಮೀಣ್ಯಂ ಕಡೆಯ ಕಾಡಿಗೆ ಹೋದರು. ಆ ಮಾಹಿತಿದಾರನನ್ನು ವೀರಪ್ಪನ್ ಮೊದಲೇ ತನ್ನ ಕಡೆ ಮಾಡಿಕೊಂಡಿದ್ದ. ಸುಳಿವೇ ಬಲೆ. ರಸ್ತೆ ಬದಿಯ ಬಂಡೆ ಮರೆಯಲ್ಲಿ ಕಾದಿದ್ದವರು ಗುಂಡು ಹಾರಿಸಿದರು. ಹರಿಕೃಷ್ಣ ಅವರೂ ಹೋದರು, ಶಕೀಲ್ ಅವರೂ ಹೋದರು, ಜೊತೆಗಿದ್ದ ಪೊಲೀಸರೂ ಹೋದರು.

ನನಗೆ ಆಗ ಐದು ವರ್ಷ. ನನಗೇನೂ ನೆನಪಿಲ್ಲ. ಅವ್ವ ಹೇಳಿದ್ದು ಅಷ್ಟೇ: ಸಂಜೆ ಆರಕ್ಕೆ ಬಾಗಿಲು ಹಾಕಿ, ದೀಪ ಸಣ್ಣ ಮಾಡಿ ಕೂತ್ಕೊಳ್ಳೋ ಕಾಲ ಅದು, ಕಾಡಿನೋರು ಬಂದರೂ ಕಷ್ಟ, ಖಾಕಿಯೋರು ಬಂದರೂ ಕಷ್ಟ ಅಂತ.

ಈ ಮಾತನ್ನು ನಾನು ಮುಚ್ಚಿಡೋಕೆ ಹೋಗಲ್ಲ. ನಮ್ಮ ಕಡೆ ಪೊಲೀಸ್ ಅಂದರೆ ಎಲ್ಲರಿಗೂ ಪ್ರೀತಿ ಇಲ್ಲ. ಆ ವರ್ಷಗಳಲ್ಲಿ ಕಾಡಂಚಿನ ಬಡವರು ಬಹಳ ಹೊಡೆತ ತಿಂದರು. ಮುಂದೆ ಮಾನವ ಹಕ್ಕುಗಳ ಆಯೋಗದವರು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಕಳಿಸಿ ವಿಚಾರಣೆ ಮಾಡಿಸಿದರು, ಕೆಲವರಿಗೆ ಪರಿಹಾರವೂ ಬಂತು. ಹಾಗಾಗಿ ನಮ್ಮೂರಿನ ಅರಳಿಕಟ್ಟೆಯಲ್ಲಿ ನಿಂತು ಪೊಲೀಸ್ ಹುತಾತ್ಮ ಅಂತ ಭಾಷಣ ಮಾಡಿದರೆ ಎಲ್ಲರೂ ಚಪ್ಪಾಳೆ ಹೊಡೀತಾರೆ ಅಂತ ನಾನು ಹೇಳಲ್ಲ. ಕೆಲವರು ಎದ್ದು ಹೋಗ್ತಾರೆ. ಅವರಿಗೂ ಕಾರಣ ಇದೆ. ಆದರೆ ಹೊಡೆದವರ ಲೆಕ್ಕ ಬೇರೆ, ಸತ್ತವರ ಲೆಕ್ಕ ಬೇರೆ ಇಟ್ಟುಕೊಳ್ಳಬೇಕು ಅಂತ ನನಗೆ ಅನ್ನಿಸುತ್ತೆ. ಎಲ್ಲಾ ಖಾಕಿಯನ್ನೂ ಒಂದೇ ಮೂಟೆಗೆ ಕಟ್ಟಬಾರದು.

ಈಗ ಎಂಟು ವರ್ಷ ಮುಂದೆ ಬನ್ನಿ. 2000ನೇ ಇಸವಿ, ಜುಲೈ 30, ಭಾನುವಾರ ರಾತ್ರಿ. ದೊಡ್ಡ ಗಾಜನೂರಿನ ತೋಟದ ಮನೆಯಿಂದ ಅಣ್ಣಾವ್ರನ್ನು ವೀರಪ್ಪನ್ ಎತ್ತಿಕೊಂಡು ಹೋದ. ಇದು ನಿಮಗೆಲ್ಲ ಗೊತ್ತು, ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಲವತ್ತು ದಾಟಿರೋ ಎಲ್ಲರಿಗೂ ಆ 108 ದಿನ ಎಲ್ಲಿದ್ವಿ, ಏನು ಮಾಡ್ತಿದ್ವಿ ಅಂತ ನೆನಪಿರುತ್ತೆ. ನಾನು ಎಂಟನೇ ಕ್ಲಾಸು. ಬಸ್ಸಿಲ್ಲ, ಇಸ್ಕೂಲಿಲ್ಲ, ಟಾಕೀಸು ಬಂದ್, ಸಿನಿಮಾ ಶೂಟಿಂಗ್ ನಿಂತುಹೋಯ್ತು. ನಮ್ಮಪ್ಪ ಅಣ್ಣಾವ್ರ ಅಭಿಮಾನಿ ಅಂದರೆ ಎಂಥ ಅಭಿಮಾನಿ ಅಂದರೆ, ಮನೆ ದೇವರ ಗೂಡಿನ ಪಕ್ಕದಲ್ಲೇ ಮಯೂರ ಸಿನಿಮಾದ ಫೋಟೋ. ಆ 108 ದಿನ ಅಪ್ಪ ಗಡ್ಡ ತೆಗೀಲಿಲ್ಲ. ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿತ್ತು.

ವೀರಪ್ಪನ್ ಕೇಳಿದ್ದರಲ್ಲಿ ಒಂದು, ಟಾಡಾ ಕಾಯ್ದೆಯಲ್ಲಿ ಮೈಸೂರು ಜೈಲಿನಲ್ಲಿದ್ದ ತನ್ನ ಕಡೆಯವರು ಅನ್ನಿಸಿಕೊಂಡವರನ್ನು ಬಿಡಬೇಕು ಅಂತ. 51 ಜನ. ಸರ್ಕಾರ ಒಪ್ಪಿತು. ಯಾವ ಸರ್ಕಾರವಾದರೂ ಒಪ್ಪುತ್ತಿತ್ತೋ ಏನೋ, ಬೆಂಗಳೂರು ಹೊತ್ತಿ ಉರಿಯೋ ಹಾಗಿತ್ತು. ಟಾಡಾ ಕೇಸು ವಾಪಸ್ ತಗೊಳ್ಳೋಕೆ ಸರ್ಕಾರಿ ವಕೀಲರು ಮೈಸೂರಿನ ವಿಶೇಷ ಕೋರ್ಟಿಗೆ ಅರ್ಜಿ ಹಾಕಿದರು. ಆ ಕೇಸುಗಳು ಏನು? ಪೊಲೀಸರನ್ನು ಕೊಂದ ಕೇಸುಗಳೇ. ಅದರಲ್ಲಿ ಆಗಸ್ಟ್ 14ರ ಮೀಣ್ಯಂ ಕೇಸೂ ಇತ್ತು.

ಆಗ ಒಬ್ಬ ಮನುಷ್ಯ ಎದ್ದು ನಿಂತು, ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಅಂದರು. ಅವರ ಹೆಸರು ಅಬ್ದುಲ್ ಕರೀಂ. ನಿವೃತ್ತ ಪೊಲೀಸ್ ಅಧಿಕಾರಿ, ಎಪ್ಪತ್ತು ದಾಟಿದ ವಯಸ್ಸು. ಶಕೀಲ್ ಅಹಮದ್ ಅವರ ತಂದೆ.

ಮೈಸೂರಿನ ಕೋರ್ಟು ಅವರ ಆಕ್ಷೇಪಣೆಯನ್ನು ತಳ್ಳಿ, ಸರ್ಕಾರದ ಅರ್ಜಿ ಒಪ್ಪಿತು. ಅವರು ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ. ಡೆಲ್ಲಿಗೆ, ಸುಪ್ರೀಂ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ಬಿಡುಗಡೆಗೆ ತಡೆ ಕೊಟ್ಟಿತು.

ತಡೆ ಸಿಕ್ಕಿದ ಸುದ್ದಿ ಬಂದ ದಿನ ನಮ್ಮೂರ ಟೀ ಅಂಗಡಿಯಲ್ಲಿ ನಾನಿದ್ದೆ. ಪೇಪರನ್ನು ಒಬ್ಬರು ಜೋರಾಗಿ ಓದೋದು, ಹತ್ತು ಜನ ಕೇಳೋದು. ಓದಿ ಮುಗಿಸೋ ಹೊತ್ತಿಗೆ ಬೈಗುಳ ಶುರುವಾಯ್ತು. "ಸತ್ತೋನು ಸತ್ತ, ಎಂಟು ವರ್ಸ ಆಯ್ತು, ಈಗ ಅಣ್ಣೋರ್ನೂ ಸಾಯಿಸ್ಬೇಕಾ ಈ ಮುದುಕುಂಗೆ?" ಅಂತ ಒಬ್ಬ. ಇನ್ನೊಬ್ಬ ಅವರ ಜಾತಿ ಧರ್ಮ ಎತ್ತಿಕೊಂಡು ಏನೋ ಅಂದ, ಅದನ್ನು ಈ ಮೈಕಿನಲ್ಲಿ ಹೇಳಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಮನೆಗೆ ಬಂದು ಅದೇ ಮಾತನ್ನು ಅಪ್ಪನ ಮುಂದೆ ಹೇಳಿದೆ, ಅಪ್ಪನಿಗೆ ಖುಷಿ ಆಗುತ್ತೆ ಅಂತ.

ಅಪ್ಪ ಬೀಡಿ ಕೆಳಗಿಟ್ಟು ನನ್ನ ಮುಖ ನೋಡಿತು. "ನನ್ಗೂ ಅಣ್ಣೋರು ಬರ್ಬೇಕು ಕನ ಮೊಗ, ಮಾದಪ್ಪನ ಆಣೆ. ಆದ್ರೆ ಆವಯ್ಯಂಗೆ ಅಂಗನ್ಬೇಡ. ನಾಳೆ ನೀ ಸತ್ತು, ನಿನ್ನ ಸಾಯ್ಸುದೋರ್ನ ಬುಟ್ಬುಡ್ತೀವಿ ಅಂದ್ರೆ ನಾ ಏನ್ಮಾಡ್ಲಿ, ಏಳು" ಅಂತು. ಮತ್ತೆ ಆ ವಿಷಯ ನಮ್ಮ ಮನೆಯಲ್ಲಿ ಬರಲೇ ಇಲ್ಲ. ನನಗೆ ಆಗ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

2000ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಕೇಸು ವಾಪಸ್ ತಗೊಳ್ಳೋಕೆ ಆಗಲ್ಲ ಅಂತ. ನಾನು ಕಾನೂನು ಓದಿದವನಲ್ಲ, ನಮ್ಮ ಸಂಘದ ವಕೀಲ ಅಣ್ಣನವರು ಕೂರಿಸಿಕೊಂಡು ಹೇಳಿಕೊಟ್ಟರು. ಕೇಸು ವಾಪಸ್ ತಗೊಳ್ಳಬೇಕಾದರೆ ಸರ್ಕಾರಿ ವಕೀಲ ತನ್ನ ಸ್ವಂತ ಬುದ್ಧಿಯಿಂದ, ಇದರಿಂದ ಸಾರ್ವಜನಿಕರಿಗೆ ಒಳ್ಳೆಯದಾಗುತ್ತಾ ಅಂತ ತೂಗಿ ನೋಡಬೇಕು. ಮೇಲಿನವರು ಹೇಳಿದರು ಅಂತ ಅರ್ಜಿಗೆ ಸಹಿ ಹಾಕೋ ಹಾಗಿಲ್ಲ. ಕೋರ್ಟ್ ಕೂಡ ಅದನ್ನು ನೋಡಬೇಕು, ಬರೀ ಮುದ್ರೆ ಒತ್ತೋದಲ್ಲ. ಇಷ್ಟು ನನಗೆ ಚೆನ್ನಾಗಿ ಅರ್ಥವಾಯ್ತು. ನಮ್ಮ ಕೆಲಸದಲ್ಲೂ ಪರ್ಮಿಟ್ ಪೇಪರ್ ಮೇಲೆ ಸಹಿ ಹಾಕೋರು ಇದ್ದಾರಲ್ಲ, ಸೈಟಿಗೆ ಬರದೇನೇ.

ಅದಾದ ಎಂಟನೇ ದಿನ, ನವೆಂಬರ್ 15ಕ್ಕೆ ಅಣ್ಣಾವ್ರು ಕಾಡಿನಿಂದ ಆಚೆ ಬಂದರು. ಆ 51 ಜನ ಜೈಲಲ್ಲೇ ಇದ್ದರು, ಅಣ್ಣಾವ್ರು ಮನೆಗೆ ಬಂದರು. ನಮ್ಮಪ್ಪ ಗಡ್ಡ ತೆಗೆಸಿಕೊಂಡು, ಕಾಲ್ನಡಿಗೇಲಿ ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿ ಬಂತು. ಟೀ ಅಂಗಡೀಲಿ ಬೈದವರು ಯಾರೂ ಆ ತಂದೆ ಬಗ್ಗೆ ಮತ್ತೆ ಒಂದು ಮಾತೂ ಆಡಲಿಲ್ಲ. ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಮರೆತುಬಿಟ್ಟರು.

ಇನ್ನೊಂದು ವಿಷಯ ಹೇಳಲೇಬೇಕು, ಇಲ್ಲಾಂದರೆ ಅರ್ಧ ಸತ್ಯ ಆಗುತ್ತೆ. 2001ರಲ್ಲಿ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಹೆಚ್ಚಿನವರು ತಪ್ಪಿತಸ್ಥರಲ್ಲ ಅಂತ ಬಿಡುಗಡೆ ಆದರು. ಎಷ್ಟೋ ವರ್ಷ ಜೈಲಿನಲ್ಲಿ ಕೊಳೆತ ಬಡವರು ಅವರು. ಅವರ ಮನೆಯವರ ಕಣ್ಣೀರಿಗೂ ಬೆಲೆ ಇದೆ. ಆದರೆ ನೋಡಿ, ಅವರು ಆಚೆ ಬಂದಿದ್ದು ಕೋರ್ಟು ವಿಚಾರಣೆ ಮಾಡಿ, ಇವರು ಮಾಡಿಲ್ಲ ಅಂತ ಹೇಳಿದ್ದರಿಂದ. ಕಾಡುಗಳ್ಳ ಬಿಡಿಸಿಕೊಂಡಿದ್ದರೆ ಸಾಯೋವರೆಗೂ 'ವೀರಪ್ಪನ್ ಕಡೆಯೋರು' ಅಂತಲೇ ಅನ್ನಿಸಿಕೊಳ್ತಿದ್ದರು. ಅಬ್ದುಲ್ ಕರೀಂ ಅವರು ಕೇಳಿದ್ದೂ ಅಷ್ಟೇ ಅಲ್ವಾ, ಕೋರ್ಟಿನ ಕೆಲಸ ಕೋರ್ಟು ಮಾಡಲಿ ಅಂತ.

ವೀರಪ್ಪನ್ ಸತ್ತಿದ್ದು 2004ರ ಅಕ್ಟೋಬರ್ 18ಕ್ಕೆ. ಆ ದಿನ ನಮ್ಮೂರಲ್ಲಿ ಪಟಾಕಿ ಹೊಡೆದವರೂ ಇದ್ದರು, ಬಾಗಿಲು ಹಾಕಿಕೊಂಡು ಕೂತವರೂ ಇದ್ದರು. ಅದು ಬೇರೆ ಕಥೆ.

ಈಗ ನಿದ್ದೆ ಬರಲಿಲ್ಲ ಅಂದೆನಲ್ಲ, ಅದನ್ನು ಹೇಳ್ತೀನಿ.

ಆರು ವರ್ಷದ ಹಿಂದೆ ನಾನು ಬೇರೆ ಕಂಪನಿಯಲ್ಲಿದ್ದೆ. ಚಾರ್ಜ್‌ಹ್ಯಾಂಡ್ ಮಾಡಿದ್ದರು, ಕೈಕೆಳಗೆ ಎಂಟು ಜನ. ಅದರಲ್ಲಿ ಒಬ್ಬ ಹುಡುಗ ರಾಯಚೂರು ಕಡೆಯವನು, ಇಪ್ಪತ್ನಾಲ್ಕು ವರ್ಷ. ಅವನೂ ಐಟಿಐ. ಹೆಸರು ಬೇಡ, ಇಲ್ಲಿ ಕೆಲವರಿಗೆ ಗೊತ್ತು. ಒಂದು ಬೆಳಿಗ್ಗೆ ಮೇಲಿನವರು ನನಗೆ, "ಮೂರನೇ ಫ್ಲೋರ್ ಪ್ಯಾನೆಲ್ ಆಫ್ ಮಾಡಿ ಆಗಿದೆ, ಹುಡುಗನ್ನ ಕಳಿಸು" ಅಂದರು. ನಾನು ಅವನಿಗೆ ಹಾಗೇ ಹೇಳಿದೆ. "ಆಫ್ ಆಗಿದೆ, ಹೋಗು." ಐಟಿಐನಲ್ಲಿ ನಮ್ಮ ಮೇಷ್ಟ್ರು ಮೊದಲನೇ ವಾರದಲ್ಲಿ ಕಲಿಸಿದ ಪಾಠ, ಯಾರು ಏನೇ ಹೇಳಲಿ, ನಿಮ್ಮ ಕೈಯ್ಯಾರೆ ಟೆಸ್ಟ್ ಮಾಡದೆ ವೈರ್ ಮುಟ್ಟಬೇಡಿ, ನಿಮ್ಮ ಬೀಗ ನೀವೇ ಹಾಕಿ, ಕೀಲಿ ನಿಮ್ಮ ಜೇಬಲ್ಲೇ ಇರಲಿ. ಅವನಿಗೂ ಅದೇ ಪಾಠ ಹೇಳಿಕೊಟ್ಟಿರ್ತಾರೆ. ಆದರೆ ನಮ್ಮ ಕಡೆಯ ಅಣ್ಣ ಹೇಳಿದಾನೆ ಅಂತ ನಂಬಿದ. ಅಲ್ಲಿ ಬೀಗ ಇರಲಿಲ್ಲ. ಆಫ್ ಆಗಿದ್ದು ಬೇರೆ ಪ್ಯಾನೆಲ್.

ಬಾಡಿ ಕಳಿಸೋ ಓಡಾಟ ನಿಮಗೆ ಗೊತ್ತಿದೆ. ಡೆತ್ ಸರ್ಟಿಫಿಕೇಟು, ಎಂಬಸಿ ಪೇಪರು, ಪಾಸ್‌ಪೋರ್ಟ್ ಕ್ಯಾನ್ಸಲ್, ಎಂಬಾಮಿಂಗು, ಕಾರ್ಗೋ. ಸಂಘದವರು ಆಗ ಮಾಡಿದ ಸಹಾಯ ನಾನು ಮರೆಯಲ್ಲ. ಎರಡನೇ ದಿನ ಅವರ ತಂದೆಗೆ ಫೋನ್ ಮಾಡೋಕೆ ನನಗೇ ಹೇಳಿದರು, ಕನ್ನಡ ಬರೋನು ಅಂತ. ನಾನು ಪರಿಹಾರದ ದುಡ್ಡು, ಇನ್ಶೂರೆನ್ಸು ಅಂತ ಏನೇನೋ ಹೇಳ್ತಾ ಹೋದೆ. ಅವರು ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಅದೆಲ್ಲಾ ಇರ್ಲಿ ತಮ್ಮಾ. ಲೈನ್ ಬಂದ್ ಐತಿ ಅಂತ ನನ್ ಮಗಗ ಹೇಳಿದಾವ್ರು ಯಾರು?"

ನನಗೆ ಬಾಯಿ ಬರಲಿಲ್ಲ. "ಕಂಪನಿಯೋರು ವಿಚಾರಣೆ ಮಾಡ್ತಿದಾರೆ ಕಾಕಾರೆ" ಅಂದೆ. ಫೋನ್ ಇಟ್ಟೆ.

ಆ ರಾತ್ರಿ ಕ್ಯಾಂಪಿನ ಮೇಲಿನ ಮಂಚದಲ್ಲಿ ಮಲಗಿದ್ದಾಗ ಹದಿನೆಂಟು ವರ್ಷದ ಹಿಂದಿನ ಟೀ ಅಂಗಡಿ ನೆನಪಿಗೆ ಬಂತು. ನಮ್ಮಪ್ಪ ಹೇಳಿದ ಮಾತು ಆವತ್ತು ತಲೆಗೆ ಹೋಯ್ತು. ಜನ ಆ ವಯಸ್ಸಾದವರನ್ನು ಹಟಮಾರಿ ಅಂದರು, ಸೇಡಿನವರು ಅಂದರು. ಮಗ ಹೋದ ತಂದೆಗೆ ದುಡ್ಡಲ್ಲ, ಪದಕ ಅಲ್ಲ, ಮೊದಲು ಬೇಕಾಗಿರೋದು ಒಂದು ಉತ್ತರ. ಯಾರು ಮಾಡಿದ್ದು, ಹೇಗಾಯ್ತು, ಅದನ್ನು ಬರೆದಿಟ್ಟಿದ್ದಾರಾ. ಆ ಉತ್ತರ ಸಿಗೋ ಒಂದೇ ಜಾಗ ಕೋರ್ಟು, ಅದರ ಬಾಗಿಲನ್ನೇ ಮುಚ್ತೀವಿ ಅಂದರೆ ಅವರು ಎಲ್ಲಿಗೆ ಹೋಗಬೇಕಿತ್ತು?

ಶಕೀಲ್ ಅಹಮದ್ ಕಾಡಿಗೆ ಹೋಗಿದ್ದು ಒಬ್ಬನ ಮಾತು ನಂಬಿ. ನನ್ನ ಹುಡುಗ ಪ್ಯಾನೆಲ್ ಬಾಗಿಲು ತೆಗೆದಿದ್ದೂ ಒಬ್ಬನ ಮಾತು ನಂಬಿ. ನಮ್ಮ ಹತ್ತಿರವಾದರೂ ಟೆಸ್ಟರ್ ಇದೆ, ಮೀಟರ್ ಇದೆ. ಪೊಲೀಸನ ಹತ್ತಿರ ಏನಿದೆ? ಮಾಹಿತಿದಾರ ನಿಜ ಹೇಳ್ತಿದಾನಾ ಅಂತ ನೋಡೋಕೆ ಹೋಗಲೇಬೇಕು, ಹೋದ ಮೇಲೇ ಗೊತ್ತಾಗೋದು. ಗೊತ್ತಿದ್ದೂ ಹೋಗ್ತಾರಲ್ಲ, ಅದನ್ನೇ ನಾನು ದೊಡ್ಡದು ಅಂತೀನಿ. ಗುಂಡು ಹಾರಿಸೋದು, ಮೀಸೆ ತಿರುಗಿಸೋದು, ಸಿನಿಮಾದಲ್ಲಿ ತೋರಿಸ್ತಾರಲ್ಲ, ಅದಲ್ಲ.

ಮುಂದಿನ ವರ್ಷ ರಜೆಗೆ ಹೋದಾಗ ರಾಯಚೂರಿಗೆ ಹೋದೆ. ಬಸ್ಸಿನಲ್ಲಿ ಹೋಗ್ತಾ ಹೋಗ್ತಾ ವಾಪಸ್ ಹೋಗಿಬಿಡೋಣ ಅಂತ ಎರಡು ಸಲ ಅನ್ನಿಸಿತು. ಅವರ ಮನೆ ಹೊಸ್ತಿಲ ಹತ್ತಿರ ಕೂತು, ನೀರು ಕುಡಿದು, "ಕಾಕಾರೆ, ಆವತ್ತು ನೀವು ಕೇಳಿದ್ರಲ್ಲ, ಹೇಳಿದ್ದು ನಾನು. ನನಗೆ ಇನ್ನೊಬ್ಬರು ಹೇಳಿದ್ರು, ಆದ್ರೆ ಅವನಿಗೆ ಹೇಳಿದ್ದು ನಾನೇ. ನೋಡದೇ ಹೇಳಿದೆ" ಅಂದೆ. ಅವರು ಎದ್ದು ಒಳಗೆ ಹೋದರು. ನಾನು ಅಲ್ಲೇ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಆಚೆ ಬಂದು, "ಹೇಳ್ಬೇಕಂತ ಇಷ್ಟು ದೂರ ಬಂದೀ. ಊಟ ಮಾಡಿ ಹೋಗು" ಅಂದರು. ರೊಟ್ಟಿ, ಪುಂಡಿಪಲ್ಯ. ಉಂಡೆ. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲಿಂದ ನನ್ನ ಟೂಲ್ ಬ್ಯಾಗಿನಲ್ಲಿ ನನ್ನದೇ ಎರಡು ಬೀಗ ಇರುತ್ತೆ. ಕಂಪನಿ ಕೊಡಲಿ ಬಿಡಲಿ. ನನ್ನ ಜೊತೆ ಕೆಲಸ ಮಾಡೋ ಹುಡುಗರು ಇಲ್ಲೇ ಇದ್ದಾರೆ, ಬೈಕೊಳ್ತಾರೆ, ಈ ಅಣ್ಣನ ಕೈಲಿ ಅರ್ಧ ಗಂಟೆ ಕೆಲಸ ಒಂದೂವರೆ ಗಂಟೆ ಆಗುತ್ತೆ ಅಂತ. ಬೈಕೊಳ್ಳಲಿ.

ಹೋದ ಸಲ ಊರಿಗೆ ಹೋದಾಗ ತಂಗಿ ಮಗನ ಬೈಕ್ ತಗೊಂಡು ರಾಮಾಪುರ ದಾಟಿ ಮೀಣ್ಯಂ ರಸ್ತೆಗೆ ಹೋಗಿದ್ದೆ. ಒಳ್ಳೆ ಡಾಂಬರು, ಎರಡೂ ಕಡೆ ಕಾಡು, ಮಧ್ಯೆ ಮಧ್ಯೆ ಜೋಳದ ಹೊಲ. ಆನೆ ಲದ್ದಿ ರಸ್ತೆ ಮೇಲೆ ಬಿದ್ದಿತ್ತು. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನಿಂತೆ. ಜೊತೆಗೆ ಬಂದಿದ್ದ ಹುಡುಗ ಹತ್ತೊಂಬತ್ತು ವರ್ಷದವನು, ಅದೇ ಊರಲ್ಲಿ ಹುಟ್ಟಿ ಬೆಳೆದವನು. "ಇಲ್ಯಾಕ್ ಮಾಮ ನಿಲ್ಸ್ದೆ?" ಅಂದ. ಅವನಿಗೆ ವೀರಪ್ಪನ್ ಗೊತ್ತು, ಮೊಬೈಲಿನಲ್ಲಿ ವೀರಪ್ಪನ್ ವಿಡಿಯೋ ಎಲ್ಲಾ ನೋಡಿದಾನೆ, ಮೀಸೆ ಹೇಗಿತ್ತು ಅಂತ ಕೈಯಲ್ಲಿ ತೋರಿಸಿದ. ಶಕೀಲ್ ಅಹಮದ್ ಯಾರು ಅಂತ ಕೇಳಿದರೆ, "ಯಾವ್ ಸಿನಿಮಾದೋನು?" ಅಂದ. ಅಲ್ಲೇ ಮೈಲಿಗಲ್ಲಿನ ಮೇಲೆ ಕೂರಿಸಿ ಅವನಿಗೆ ಇದನ್ನೆಲ್ಲ ಹೇಳಿದೆ. ತಂದೆ ಕಥೆಗೆ ಬಂದಾಗ ಅವನು ಮೊಬೈಲ್ ಜೇಬಿಗೆ ಹಾಕಿಕೊಂಡ.

ಹತ್ತು ನಿಮಿಷ ಅಂದಿದ್ದರು, ಜಾಸ್ತಿ ಆಯ್ತು ಅಂತ ಕಾರ್ಯದರ್ಶಿಗಳು ಗಡಿಯಾರ ತೋರಿಸ್ತಿದಾರೆ. ಇದಾದ ಮೇಲೆ ಆರ್ಕೆಸ್ಟ್ರಾ ಇದೆ, ನಮ್ಮ ಮಂಡ್ಯದ ತಮ್ಮ ಅಣ್ಣಾವ್ರ ಹಾಡು ಹಾಡ್ತಾನೆ, ನಾನೂ ಮುಂದೆ ಬಂದು ಕುಣೀತೀನಿ, ಅದರಲ್ಲೇನೂ ಸಂಶಯ ಇಲ್ಲ. ಅದಕ್ಕೆ ಮುಂಚೆ ಒಂದೇ ಒಂದು ನಿಮಿಷ. ಕುರ್ಚಿ ಶಬ್ದ ಮಾಡದ ಹಾಗೆ ಎಲ್ಲರೂ ಎದ್ದು ನಿಲ್ಲಿ. ಎಸ್ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್, ಆ ದಿನ ಅವರ ಜೊತೆ ಗಾಡಿಯಲ್ಲಿದ್ದ ಪೊಲೀಸರು. ನಮ್ಮ ರಾಯಚೂರಿನ ಹುಡುಗನನ್ನೂ ಸೇರಿಸಿಕೊಳ್ಳಿ. ತಮ್ಮಾ, ಆ ಫ್ಯಾನ್ ಒಂದು ನಿಮಿಷ ಆಫ್ ಮಾಡು.